ಆಯಿ ಹೇಳಿದ ‘ದೇವಿ’

(ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ)

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕನ್ನಡ ವಿಭಾಗದ ಗುರುಗಳು ಅಪ್ಪಣೆ ಮಾಡಿದ ದಿನವೇ ನನ್ನ ಸಹಪಾಠಿಗಳು ಚಾಲುಕ್ಯರ ಶಿಲ್ಪ, ವಚನಗಳಲ್ಲಿ ಸಮಾನತೆ, ನೀರಾವರಿ ಮೊದಲಾದ ಘನವಾದ ವಿಷಯಗಳನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟರು. ಕಡೆಗೆ ಬಂದ ನನಗೆ ಉಳಿದದ್ದು ಒಂದು ಹಗುರವಾದ ವಿಷಯ. ಅದನ್ನು ಕೇಳಿ ವಾಚಕರು ನಕ್ಕಾರು. ಹತ್ತು ವರ್ಷಗಳ ಹಿಂದೆ ಟಿ.ವಿ.ಯಲ್ಲಿ ಕೆಲವೇ ತಿಂಗಳು ಬಂದು, ಹೇಳದೆ ಕೇಳದೆ ನಿಂತುಹೋದ ಒಂದು ಹಿಂದಿ ಧಾರಾವಾಹಿಯನ್ನು ಕುರಿತು ನಾನು ಬರೆಯಹೊರಟಿದ್ದೇನೆ. ನಕ್ಕವರು ನಗಲಿ. ನಕ್ಕ ಮೇಲೆ ಕೊನೆಯವರೆಗೆ ಓದಿದರೆ ಸಾಕು.

ಆ ಧಾರಾವಾಹಿಯ ಹೆಸರು ‘ಮಹಾರಕ್ಷಕ್ ದೇವಿ’. ಜೀ ಟಿ.ವಿ.ಯವರು ೨೦೧೪ರ ಕೊನೆಗೆ ‘ಮಹಾರಕ್ಷಕ್ ಆರ್ಯನ್’ ಎಂದು ಒಬ್ಬ ಹುಡುಗನ ಸಾಹಸದ ಕಥೆ ತಂದರು. ಅದು ಕೆಲವು ತಿಂಗಳಿಗೆ ಮುಗಿಯಿತು. ಅದರ ಬೆನ್ನಿಗೆ, ೨೦೧೫ರ ಮಾರ್ಚಿನಲ್ಲಿ, ಈ ದೇವಿ ಬಂದಳು. ಗೌರಿ ಎಂಬ ಸಾಧಾರಣ ಹುಡುಗಿಗೆ ತನ್ನಲ್ಲಿ ದೇವಿಯ ಶಕ್ತಿ ಇದೆಯೆಂದು ತಿಳಿಯುತ್ತದೆ; ಅಲ್ಲಿಂದ ಮುಂದೆ ದುಷ್ಟರಿಗೂ ಅವಳಿಗೂ ಹೋರಾಟ. ಉಮಂಗ್ ಜೈನ್ ಎಂಬ ನಟಿ ಆ ಪಾತ್ರ ವಹಿಸಿದ್ದಳು. ಶನಿವಾರ, ರವಿವಾರ ಸಂಜೆ ನಾವು ಕಾದು ಕುಳಿತಿರುತ್ತಿದ್ದೆವು. ವರ್ಷ ತುಂಬುವ ಮೊದಲೇ ಅದೂ ಮಾಯವಾಯಿತು. ಅದು ಮಹಾಕೃತಿಯಾಗಿತ್ತೆಂದು ನಾನು ವಾದಿಸುವವಳಲ್ಲ. ಇಂದು ಅದರ ಹೆಸರು ಹೇಳಿದರೆ ನಮ್ಮ ತರಗತಿಯಲ್ಲಿ ಕೈಯೆತ್ತುವವರು ನಾಲ್ವರೂ ಇಲ್ಲ.

ಆದರೆ ಅದಕ್ಕೆ ಮುಂಚೆ ನಮ್ಮ ಮನೆಗೆ ಬಂದಿದ್ದ ಸಾಹಸಿಗಳೆಲ್ಲ ಗಂಡಸರೇ ಆಗಿದ್ದರೆಂಬುದನ್ನು ಇಲ್ಲಿ ಹೇಳಬೇಕು. ನಮ್ಮ ಸೋದರಮಾವನ ಬಾಲ್ಯಕ್ಕೆ ಶಕ್ತಿಮಾನ್ ಇದ್ದ. ೧೯೯೭ರಿಂದ ೨೦೦೫ರವರೆಗೆ ದೂರದರ್ಶನದಲ್ಲಿ ಮುಕೇಶ ಖನ್ನಾ ಕೆಂಪು ಅಂಗಿ ತೊಟ್ಟು ಬುಗುರಿಯಂತೆ ತಿರುಗಿ ಹಾರುತ್ತಿದ್ದುದನ್ನು ಓಣಿಯ ಮಕ್ಕಳೆಲ್ಲ ಒಂದೇ ಮನೆಯ ಬಾಗಿಲಲ್ಲಿ ನೂಕಾಡಿ ನೋಡುತ್ತಿದ್ದರಂತೆ. ಆ ಕಥೆಯ ಖಳ ಕಿಲ್ವಿಶ್, ಕತ್ತಲೆಯ ಒಡೆಯ. ಕಥೆ ರಂಗೇರುವ ಹೊತ್ತಿಗೆ ಕೆರೂರಿನಲ್ಲಿ ಕರೆಂಟು ಹೋಗುತ್ತಿದ್ದುದರಿಂದ ಎಷ್ಟೋ ರವಿವಾರ ಗೆದ್ದವನು ಕಿಲ್ವಿಶನೇ ಎಂದು ಮಾವ ಈಗಲೂ ಹೇಳುತ್ತಾನೆ. ನನ್ನ ತಮ್ಮನಿಗಾದರೋ ‘ಬಾಲವೀರ’ನ ಹುಚ್ಚು. ಸಬ್ ಟಿ.ವಿ.ಯಲ್ಲಿ ೨೦೧೨ರಿಂದ ೨೦೧೬ರವರೆಗೆ ಬಂದ ಆ ಕಥೆಯಲ್ಲಿ ಪರಿಯರು ಬೆಳೆಸಿದ ಹುಡುಗನೊಬ್ಬ ಮಕ್ಕಳ ಕಷ್ಟಕ್ಕೆ ಓಡಿ ಬರುತ್ತಾನೆ. ತಮ್ಮ ಬಾಲವೀರನಾದಾಗ ನಾನು ಏನಾಗಬೇಕು? ಪರಿಯಾಗಬೇಕು, ಇಲ್ಲವೆ ಅವನು ಬಂದು ಬಿಡಿಸುವವರೆಗೆ ಕಂಬಕ್ಕೆ ಕಟ್ಟಿಸಿಕೊಂಡು ಕೂಗುತ್ತಿರಬೇಕು. ಎರಡನೆಯದೇ ಹೆಚ್ಚು ಸಲ ನನ್ನ ಪಾಲಿಗೆ ಬರುತ್ತಿತ್ತು. ದೇವಿ ಬಂದ ಮೇಲೆ ಮೊದಲ ಬಾರಿ ತಮ್ಮನನ್ನು ಕಂಬಕ್ಕೆ ಕಟ್ಟಿದೆ. ಅವ್ವನಿಂದ ಎರಡು ಏಟು ಬಿದ್ದವು, ಆ ಮಾತು ಬೇರೆ.

ಆಗ ನಾನು ಐದನೆಯ ಇಯತ್ತೆ. ನಮ್ಮ ಸರಕಾರಿ ಕನ್ನಡ ಶಾಲೆಗಳಲ್ಲಿ ಹಿಂದಿ ಆರಂಭವಾಗುವುದೇ ಆರನೆಯ ಇಯತ್ತೆಯಿಂದ. ಎಂದರೆ ದೇವಿ ಆಡಿದ ಒಂದು ಮಾತೂ ನನಗೆ ತಿಳಿಯುವಂತಿರಲಿಲ್ಲ. ಹೊಡೆದಾಟಕ್ಕೆ ಭಾಷೆ ಬೇಕಿಲ್ಲ, ನಿಜ. ಆದರೆ ಅವಳು ಯಾರನ್ನು ಏಕೆ ಹೊಡೆಯುತ್ತಾಳೆ, ಹೊಡೆದ ಮೇಲೆ ಏಕೆ ಅಳುತ್ತಾಳೆ ಎಂಬುದು ತಿಳಿಯದಿದ್ದರೆ ಹೊಡೆದಾಟ ಬೇಗ ಬೇಸರ ತರಿಸುತ್ತದೆ. ಆ ಬೇಸರದಿಂದ ನನ್ನನ್ನು ಉಳಿಸಿದವಳು ನಮ್ಮ ಅಜ್ಜಿ. ನಾವು ಅವಳನ್ನು ಆಯಿ ಎನ್ನುತ್ತೇವೆ.

ನಮ್ಮದು ನೇಕಾರರ ಮನೆ. ಪಡಸಾಲೆಯ ಒಂದು ಮಗ್ಗುಲಿಗೆ ಕುಣಿಮಗ್ಗ, ಇನ್ನೊಂದು ಮಗ್ಗುಲಿಗೆ ಟಿ.ವಿ., ನಡುವೆ ಆಯಿಯ ರಾಟಿ. ಅಪ್ಪ ಮಗ್ಗದಲ್ಲಿದ್ದಾಗ ಲಾಳಿಗೆ ಬೇಕಾದ ಕಂಡಿಕೆಗಳನ್ನು ಅವಳು ಸುತ್ತಿಕೊಡಬೇಕು. ಕೈ ರಾಟಿಯ ಮೇಲೆ, ಕಣ್ಣು ಟಿ.ವಿ.ಯ ಮೇಲೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಂದಿಗೂ ಅವಳ ರುಜುವೆಂದರೆ ಹೆಬ್ಬೆಟ್ಟು. ಹಿಂದಿಯಂತೂ ಅವಳಿಗೆ ಸುತರಾಂ ಬಾರದು. ಆದರೆ ನಾನು ಕೇಳಿದಾಗ ‘ತಿಳಿಯದು’ ಎಂದು ಅವಳು ಒಂದು ದಿನವೂ ಹೇಳಲಿಲ್ಲ.

“ಆಯಿ, ಅಕಿ ಈಗ ಏನಂದ್ಲ?”

“ಖಾತೆ ಪುಸ್ತಕಾ ಇಲ್ಲೆ ತಾ ಅಂದ್ಲ.”

“ಯಾರಿಗೆ?”

“ಆ ಕೋಟಿನ್ಯಾಂವಗ. ಅಂವ ಸಾವಕಾರ ನೋಡವಾ. ಮಂದಿ ಕಡಿಂದ ಹೆಬ್ಬಟ್ಟ ಒತ್ತಿಸಿಕೊಂಡು ಒಂದಕ್ಕ ಎರಡ ಬರಕೊಂಡಾನ. ಅಕಿ ಓದಾಕ ಬಲ್ಲಾಕಿ. ಬರದದ್ದನ್ನ ಮಂದಿ ಮುಂದ ಓದಿ ಹೇಳತೇನಿ ಅಂತಾಳ. ಅದಕ್ಕ ಅಂಜ್ಯಾನ ಅಂವ.”

“ಮತ್ತ ಅಕಿ ಕೈಯಾಗ ಬೆಳಕ ಯಾಕ ಬಂತು?”

“ಸಿಟ್ಟು. ಓದಿದವರಿಗೆ ಸಿಟ್ಟ ಬಂದ್ರ ಹಂಗ ಆಗತೈತಿ.”

ವಾರವಾರವೂ ಹೀಗೆ ಕಥೆ ಬೆಳೆಯಿತು. ಆಯಿಯ ಕಥೆಯಲ್ಲಿ ದೇವಿ ಪ್ರತಿ ವಾರ ಒಂದಲ್ಲ ಒಂದು ಕಾಗದವನ್ನು ಓದಿಯೇ ಗೆಲ್ಲುತ್ತಿದ್ದಳು. ಒಮ್ಮೆ ಸಾಲದ ಪತ್ರ, ಒಮ್ಮೆ ಹೊಲದ ಉತಾರ, ಒಮ್ಮೆ ನೂಲಿನ ತೂಕದ ಚೀಟಿ. ಖಳನ ಸೈನಿಕರು ಆ ಕಾಗದ ಕಸಿಯಲು ಬರುತ್ತಿದ್ದರು, ಆದ್ದರಿಂದಲೇ ಹೊಡೆದಾಟ. ಅದನ್ನು ನಾನು ಅಕ್ಷರಶಃ ನಂಬಿದ್ದೆ. ಹುಡುಗಿಯೊಬ್ಬಳು ಓದು ಕಲಿತರೆ ದೊಡ್ಡ ದೊಡ್ಡ ಗಂಡಸರು ಅಂಜುತ್ತಾರೆಂಬ ತಿಳಿವಳಿಕೆ ನನಗೆ ಯಾವ ಭಾಷಣದಿಂದಲೂ ಬಂದುದಲ್ಲ.

ಇಷ್ಟು ಕಥೆ ಆಯಿಗೆ ಎಲ್ಲಿಂದ ಬಂತು? ಇದನ್ನು ಯೋಚಿಸಿದಾಗಲೇ ಈ ಲೇಖನ ಬರೆಯಬೇಕೆನಿಸಿದುದು. ಅವಳ ಬಾಲ್ಯದಲ್ಲಿ ಟಿ.ವಿ. ಇರಲಿಲ್ಲ, ಆಟಗಳಿದ್ದವು. ಸುಗ್ಗಿ ಮುಗಿದ ಮೇಲೆ ಊರೂರಿಗೆ ಶ್ರೀಕೃಷ್ಣ ಪಾರಿಜಾತದ ಮೇಳ ಬರುತ್ತಿತ್ತು. ಒಂದು ಹೂವಿಗಾಗಿ ಮುನಿದ ಸತ್ಯಭಾಮೆ ಬೆಳತನಕ ಕೃಷ್ಣನನ್ನು ಬಿಡದೆ ಪ್ರಶ್ನಿಸುತ್ತಿದ್ದಳು. ಆ ಮೇಳಗಳಲ್ಲಿ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಹೆಸರು ಗಳಿಸಿದ ಸೀಮೆ ನಮ್ಮದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋದರೆ ಅಲ್ಲಿ ನಾಟಕ ಕಂಪನಿಗಳ ಸಾಲೇ ಇರುತ್ತಿತ್ತು, ಇಂದಿಗೂ ಇರುತ್ತದೆ. ದೊಡ್ಡಾಟದಲ್ಲಿ ರಾಕ್ಷಸರು ಕಿರೀಟ ಕಟ್ಟಿ ಭೂಮಿ ಬಿರಿಯುವಂತೆ ಕುಣಿಯುತ್ತಿದ್ದರು. ಅವರೆಲ್ಲರೂ, ದೇವರೂ ರಾಕ್ಷಸರೂ, ಆಡುತ್ತಿದ್ದುದು ಆಯಿ ಆಡುವ ಮಾತನ್ನೇ. ಹೀಗಾಗಿ ಅಕ್ಷರ ಬಾರದ ಒಬ್ಬ ಹುಡುಗಿಗೆ, ಕೆರೂರಿನಂಥ ಊರಿನಲ್ಲಿ, ಅರವತ್ತು ವರ್ಷಗಳ ಹಿಂದೆ, ತನ್ನ ಭಾಷೆಯಲ್ಲಿ ಹೊಟ್ಟೆ ತುಂಬ ಸಾಹಸದ ಕಥೆಗಳು ದೊರೆತಿದ್ದವು. ತಲೆಯ ಮೇಲೆ ಡಿಶ್ ಆಂಟೆನ ಇದ್ದ ಕಾಲದಲ್ಲಿ ಹುಟ್ಟಿದ ನನಗೆ ಅವು ದೊರೆಯಲಿಲ್ಲ. ದೊರೆತದ್ದು ಅವಳ ಉಗ್ರಾಣದಿಂದ ಕಡ ತಂದದ್ದು.

ಇದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ಪರಭಾಷೆಯ ಚಿತ್ರಗಳಿಗೆ ಮಾತು ಕೂಡಿಸಿ ತೋರಿಸಬಾರದೆಂಬ ಚಳವಳಿ ೧೯೬೦ರ ದಶಕದಲ್ಲಿ ನಡೆಯಿತು. ಅ.ನ.ಕೃ., ಮ. ರಾಮಮೂರ್ತಿ, ರಾಜಕುಮಾರ್ ಮೊದಲಾದವರು ಅದರಲ್ಲಿದ್ದರು. ಅವರನ್ನು ಇಂದು ಹಗುರವಾಗಿ ಟೀಕಿಸುವುದು ತರವಲ್ಲ. ಅಂದು ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಕನ್ನಡದ ನಟರಿಗೆ, ತಂತ್ರಜ್ಞರಿಗೆ ಕೆಲಸವಿಲ್ಲ. ತೆಲುಗು, ತಮಿಳು ಚಿತ್ರಗಳು ಕನ್ನಡದ ಅಂಗಿ ತೊಟ್ಟು ಬಂದರೆ ಇಲ್ಲಿಯ ಉದ್ಯಮ ಹುಟ್ಟುವ ಮೊದಲೇ ಸಾಯುತ್ತಿತ್ತು. ಆ ವಿರೋಧದ ನೆರಳಿನಲ್ಲಿಯೇ ನಮ್ಮ ದೊಡ್ಡ ಚಿತ್ರಗಳು ಬಂದವು. ನಾನು ಅಂದು ಇದ್ದಿದ್ದರೆ ನಾನೂ ಅವರ ಹಿಂದೆ ನಡೆಯುತ್ತಿದ್ದೆನೇನೊ.

ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರ ಬೆಳೆದ ಮೇಲೂ ತೆಗೆಯಲಿಲ್ಲ. ೨೦೧೨ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳ, ಮರಾಠಿ, ಬಂಗಾಳಿಗಳಲ್ಲಿ ಮಾತಾಡಿತು. ಕನ್ನಡದಲ್ಲಿ ಮಾತಾಡಲು ಬಿಡಲಿಲ್ಲ. ಹೆಣ್ಣು ಭ್ರೂಣಹತ್ಯೆಯ ಮೇಲಿನ ಅದರ ಮೊದಲ ಕಂತು ನಮ್ಮ ಓಣಿಯ ಹೆಂಗಸರಿಗೆ ತಿಳಿಯಬೇಕಾಗಿತ್ತು. ಅವರು ಆಮೀರ್ ಖಾನ್ ಕಣ್ಣೊರಸಿಕೊಳ್ಳುವುದನ್ನು ಮಾತ್ರ ಕಂಡರು. ಇದರಲ್ಲಿ ಒಂದು ವಿಚಿತ್ರವಿದೆ. ೨೦೦೯ರಲ್ಲಿಯೇ ‘ಚಿಂಟು ಟಿ.ವಿ.’ ಬಂದಿತ್ತು. ಅದರಲ್ಲಿ ಪರದೇಶದ ಬೊಂಬೆ ಚಿತ್ರಗಳು ಅಚ್ಚಗನ್ನಡ ಮಾತಾಡುತ್ತಿದ್ದವು. ಬೊಂಬೆ ಕನ್ನಡವಾಡಿದರೆ ನಾಡಿಗೆ ಅಪಾಯವಿಲ್ಲ, ಮನುಷ್ಯರು ಆಡಿದರೆ ಅಪಾಯ! ಈ ತರ್ಕ ನನಗೆ ಇಂದಿಗೂ ಬಿಡಿಸಲಾಗದ ಕಗ್ಗಂಟು.

ಕನ್ನಡ ಗ್ರಾಹಕರ ಕೂಟದವರು ೨೦೧೨ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಆಯೋಗವು ೨೦೧೫ರ ಜುಲೈ ತಿಂಗಳಲ್ಲಿ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವಾದದ್ದೆಂದು ತೀರ್ಪಿತ್ತು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದ ಸಂಸ್ಥೆಗಳಿಗೆ ದಂಡ ವಿಧಿಸಿತು. ತಿಂಗಳು ನೋಡಿರಿ. ನನ್ನ ದೇವಿ ಹಿಂದಿಯಲ್ಲಿ ಬಂದುದೂ ಹೋದುದೂ ಅದೇ ವರ್ಷ. ಆ ತೀರ್ಪಿನ ಫಲ ನಮ್ಮ ಪಡಸಾಲೆಗೆ ಮುಟ್ಟಲು ಮತ್ತೂ ಐದು ವರ್ಷ ಹಿಡಿಯಿತು. ೨೦೨೦ರ ಬೇಸಿಗೆಯಲ್ಲಿ, ಕೊರೋನಾದ ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ, ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದಲ್ಲಿ ಬಂತು. ದ್ರೌಪದಿ ತುಂಬಿದ ಸಭೆಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ ಆಯಿ ರಾಟಿಯ ಮುಂದಿನಿಂದ ಎದ್ದು ಟಿ.ವಿ.ಯ ಎದುರಿಗೆ ಹೋಗಿ ಕುಳಿತಳು. ಆ ದಿನ ನನಗೆ ಏನನ್ನೂ ವಿವರಿಸಲಿಲ್ಲ. ವಿವರಿಸುವ ಅಗತ್ಯವಿರಲಿಲ್ಲ. ನಾನಾಗ ಹದಿನೈದು ವರ್ಷದವಳು.

‘ಹಿಂದಿಯಲ್ಲಿ ನೋಡಿದರೆ ಹಿಂದಿ ಬರುತ್ತದಲ್ಲ, ನಷ್ಟವೇನು?’ ಎಂದು ಕೇಳುವವರಿದ್ದಾರೆ. ಬರುತ್ತದೆ, ಸುಳ್ಳಲ್ಲ. ಹೈಸ್ಕೂಲಿನಲ್ಲಿ ನನಗೆ ಹಿಂದಿಯ ಅಂಕಗಳು ಚೆನ್ನಾಗಿ ಬಂದುದಕ್ಕೆ ಟಿ.ವಿ.ಯೂ ಕಾರಣ. ಆದರೆ ಒಂದು ಮಗು ಕಥೆ ಕೇಳುವ ವಯಸ್ಸು ಐದಾರು ವರ್ಷ ಮಾತ್ರ. ಆ ವರ್ಷಗಳಲ್ಲಿ ಅದು ಕಥೆಯ ಅರ್ಧವನ್ನು ಊಹಿಸಿಕೊಂಡು, ಉಳಿದರ್ಧವನ್ನು ಬಿಟ್ಟುಕೊಟ್ಟು, ಶೌರ್ಯ, ನ್ಯಾಯ, ಜಾಣತನಗಳೆಲ್ಲ ಪರಭಾಷೆಯವರ ಸೊತ್ತೆಂದು ನಂಬಿಕೊಂಡು ಬೆಳೆಯುತ್ತದೆ. ನಾವು ಆಟದಲ್ಲಿ ವೀರರಾದಾಗಲೆಲ್ಲ ಬಾಯಿಗೆ ಬಂದ ಹರಕು ಹಿಂದಿಯಲ್ಲೇ ಗರ್ಜಿಸುತ್ತಿದ್ದೆವು. ಸೋತು ಅಳುವಾಗ ಮಾತ್ರ ಕನ್ನಡ! ಹಿಂದೆ ಯಾರೂ ನಮಗೆ ಹೀಗೆ ಮಾಡಿರೆಂದು ಹೇಳಿರಲಿಲ್ಲ. ತಾನಾಗಿಯೇ ಬಂದ ಅಭ್ಯಾಸವದು, ಅದೇ ನನಗೆ ಹೆಚ್ಚು ವಿಷಾದದ ಸಂಗತಿ.

ಇರಲಿ. ಈಗ ನನ್ನ ವಾದಕ್ಕೇ ತೊಡಕಾದ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳುತ್ತೇನೆ. ಕಳೆದ ದೀಪಾವಳಿಯ ರಜೆಯಲ್ಲಿ ಆ ಧಾರಾವಾಹಿಯ ಕೆಲವು ತುಣುಕುಗಳು ಮೊಬೈಲಿನಲ್ಲಿ ಕಣ್ಣಿಗೆ ಬಿದ್ದವು. ಎದೆ ಹೊಡೆದುಕೊಳ್ಳುತ್ತ ನೋಡಿದೆ. ಈಗ ಹಿಂದಿ ತಿಳಿಯುತ್ತದೆ. ತಿಳಿದದ್ದೇ ತಪ್ಪಾಯಿತು. ಅಂದು ಆಕಾಶವೇ ಬಿರಿಯಿತೆಂದು ನಾನು ಕಂಡ ಬೆಳಕು ಕಂಪ್ಯೂಟರಿನಲ್ಲಿ ಬಳಿದ ಬಣ್ಣ. ಹೊಡೆತ ತಾಗುವ ಮೊದಲೇ ಬೀಳುವ ರಾಕ್ಷಸರು. ಪಾಪ, ಆ ನಟಿ ಮಾತ್ರ ಶ್ರದ್ಧೆಯಿಂದ ನಟಿಸಿದ್ದಾಳೆ; ಅವಳ ಮೇಲಿನ ನನ್ನ ಪ್ರೀತಿ ಕುಂದಲಿಲ್ಲ. ಆದರೆ ನಾನು ಹುಡುಕುತ್ತಿದ್ದುದು ಖಾತೆ ಪುಸ್ತಕವನ್ನು. ಒಂದು ತುಣುಕಿನಲ್ಲೂ ಅದಿರಲಿಲ್ಲ. ಸಾವಕಾರನಿಲ್ಲ, ಹೆಬ್ಬೆಟ್ಟಿಲ್ಲ, ನೂಲಿನ ಚೀಟಿಯಿಲ್ಲ. ಕೋಟಿನವನು ಯಾವುದೋ ಮಾಯಾಶಕ್ತಿಯ ಮಾತಾಡುತ್ತಿದ್ದ. ನಾನು ಯಾವ ಕಥೆಯನ್ನು ನೆಚ್ಚಿ ಏಳನೆಯದಾದ ಮೇಲೆ ಎಂಟನೆಯದಕ್ಕೆ, ಹತ್ತಾದ ಮೇಲೆ ಕಾಲೇಜಿಗೆ ಹೋಗುತ್ತೇನೆಂದು ಅಪ್ಪನೆದುರು ಹಟ ಹಿಡಿದೆನೊ, ಆ ಕಥೆ ಅಲ್ಲಿ ಎಂದೂ ಇರಲೇ ಇಲ್ಲ.

ಹಾಗಾದರೆ ೨೦೧೫ರಲ್ಲಿ ದೇವಿ ಕನ್ನಡದಲ್ಲೇ ಬಂದಿದ್ದರೆ? ಆಯಿ ಬಾಯಿ ಮುಚ್ಚಿಕೊಂಡು ಕಂಡಿಕೆ ಸುತ್ತುತ್ತಿದ್ದಳು. ನಾನು ಮಾಯಾಶಕ್ತಿಯ ಕಥೆಯನ್ನು ನೋಡಿ ಮರೆಯುತ್ತಿದ್ದೆ. ನನ್ನ ಪಾಲಿಗೆ ಆ ಬೇಲಿಯೇ ಒಳಿತಾಯಿತಲ್ಲವೆ ಎಂದು ಗೆಳತಿಯೊಬ್ಬಳು ಛೇಡಿಸಿದಳು. ಬಹಳ ದಿನ ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇದೆಯೆನ್ನಲಾರೆ. ಆದರೆ ನಮ್ಮ ಓಣಿಯಲ್ಲೇ ದೇವಿಯನ್ನು ನೋಡುತ್ತಿದ್ದ ಹುಡುಗಿಯರು ಏಳೆಂಟು ಮಂದಿ. ಅವರ ಮನೆಗಳಲ್ಲಿ ರಾಟಿ ತಿರುವುತ್ತ ಕಥೆ ಕಟ್ಟುವ ಆಯಿ ಇರಲಿಲ್ಲ, ಇದ್ದರೂ ಅವಳಿಗೆ ಪುರುಸೊತ್ತಿರಲಿಲ್ಲ. ಒಬ್ಬಳ ಅದೃಷ್ಟವನ್ನು ಎಲ್ಲರ ವ್ಯವಸ್ಥೆಯೆನ್ನಲಾದೀತೆ? ಅವರಲ್ಲಿ ಈಗ ಕಾಲೇಜಿನಲ್ಲಿರುವವಳು ನಾನೊಬ್ಬಳೇ. ಅದಕ್ಕೆ ಟಿ.ವಿ.ಯೇ ಕಾರಣವೆಂದರೆ ಹುಚ್ಚುತನವಾದೀತು. ಬಡತನ, ಬೇಗನೆ ಗೊತ್ತಾದ ಲಗ್ನ, ಬೇರೆ ಬೇರೆ ಕಾರಣಗಳಿವೆ. ಆದರೂ ಆ ಎಣಿಕೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಡಬ್ಬಿಂಗ್ ಬೇಕು ಎನ್ನುವುದು ನನ್ನ ಅರ್ಧ ಅಭಿಪ್ರಾಯ ಮಾತ್ರ. ಉಳಿದರ್ಧ, ಆಯಿ ಕಟ್ಟಿದಂಥ ಕಥೆಗಳನ್ನು ನಮ್ಮವರು ತೆಗೆಯಬೇಕು. ೨೦೨೫ರಲ್ಲಿ ಮಲಯಾಳದವರು ‘ಲೋಕಾ’ ಎಂಬ ಚಿತ್ರ ಮಾಡಿದರು. ತಮ್ಮ ಜನಪದದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನೇ ಇಂದಿನ ಸಾಹಸದ ಹುಡುಗಿಯನ್ನಾಗಿ ಮಾಡಿ, ಕಲ್ಯಾಣಿ ಪ್ರಿಯದರ್ಶನ್ ಕೈಗೆ ಕೊಟ್ಟರು. ಆ ನಾಯಕಿ ಓಡಾಡುವುದೆಲ್ಲಿ? ನಮ್ಮ ಬೆಂಗಳೂರಿನ ಬೀದಿಗಳಲ್ಲಿ! ಊರು ನಮ್ಮದು, ಮಹಾಮಹಿಮಳು ಅವರ ಕಡೆಯವಳು. ಹೊಟ್ಟೆಕಿಚ್ಚಿನಿಂದ ಹೇಳುವುದಲ್ಲ, ಅವರ ಜಾಣತನ ಮೆಚ್ಚಿಯೇ ಹೇಳುತ್ತೇನೆ.

ನಮ್ಮಲ್ಲಿ ಸಾಮಗ್ರಿಗೆ ಬರವೆ? ಐಹೊಳೆಯ ದುರ್ಗದ ಗುಡಿಯಲ್ಲಿ ಮಹಿಷನನ್ನು ಮೆಟ್ಟಿ ನಿಂತ ದೇವಿಯ ಮುಖದಲ್ಲಿ ಸಿಟ್ಟಿಲ್ಲ, ಕೆಲಸ ಮುಗಿಸಿದವಳ ಶಾಂತಿಯಿದೆ; ಶಾಲೆಯ ಪ್ರವಾಸದಲ್ಲಿ ಅವಳನ್ನು ಕಂಡು ನಾನು ಗುಂಪು ತಪ್ಪಿ ಬೈಸಿಕೊಂಡಿದ್ದೇನೆ. (ಆ ಗುಡಿಗೆ ದುರ್ಗೆಯಿಂದ ಹೆಸರು ಬಂದುದಲ್ಲ, ಪಕ್ಕದ ಕೋಟೆಯಿಂದ ಬಂದುದು ಎಂದು ಅಂದೇ ತಿಳಿಯಿತು.) ಇನ್ನು ಬನಶಂಕರಿ. ಅವಳೇ ಶಾಕಂಭರಿ. ನೂರು ವರ್ಷ ಮಳೆಯಿಲ್ಲದೆ ಜನ ಸಾಯುವಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಉಣಿಸಿದವಳೆಂದು ಪುರಾಣ. ಜಾತ್ರೆಗೆ ಮೊದಲು ಪಲ್ಲೇದ ಹಬ್ಬದಲ್ಲಿ ನೂರೆಂಟು ಬಗೆಯ ಪಲ್ಲೆಗಳ ನೈವೇದ್ಯವಾಗುವುದು ಅದರ ನೆನಪಿಗೆ. ಹಾರುವ, ಗುದ್ದುವ, ಬೆಂಕಿಯುಗುಳುವ ವೀರರನ್ನು ಲೋಕವೆಲ್ಲ ಕಂಡಿದೆ. ಮೇಲೆ ಮೇಲೆ ಬರ ಬೀಳುವ ಸೀಮೆಯಲ್ಲಿ ಊಟಕ್ಕಿಕ್ಕುವುದನ್ನೇ ಪರಾಕ್ರಮವೆಂದು ತಿಳಿದ ದೇವಿಯನ್ನು ಯಾವ ಟಿ.ವಿ.ಯವರು ತೋರಿಸಿದ್ದಾರೆ? ಅವಳಿಗೆ ಖಾತೆ ಪುಸ್ತಕ ಓದುವ ವಿದ್ಯೆಯೊಂದನ್ನು ಸೇರಿಸಿದರೆ ನನ್ನ ಮಟ್ಟಿಗೆ ಧಾರಾವಾಹಿ ಸಿದ್ಧವಾಯಿತು. ದೊಡ್ಡ ಬಂಡವಾಳ ಬೇಕೆಂದು ಅಂಜುವವರು ಆಯಿಯನ್ನು ನೋಡಬೇಕು. ಅವಳು ಖರ್ಚಿಲ್ಲದೆ ಕೆಲವು ತಿಂಗಳು ನಡೆಸಿದಳು.

ಆ ತುಣುಕುಗಳನ್ನು ನೋಡಿದ ರಾತ್ರಿಯೇ ಮೊಬೈಲು ಹಿಡಿದು ಆಯಿಯ ಹತ್ತಿರ ಹೋದೆ. ಈಗ ಅವಳ ಕಣ್ಣು ಮಂಜು. ರಾಟಿಯನ್ನು ಅವ್ವ ತಿರುವುತ್ತಾಳೆ. “ಆಯಿ, ಸಾವಕಾರ, ಖಾತೆ ಪುಸ್ತಕ ಎಲ್ಲಾ ನೀ ಕಟ್ಟಿ ಹೇಳಿದ್ದೇನ?” ಎಂದು ಕೇಳಿದೆ.

“ನಾ ಯಾಕ ಕಟ್ಟಲಿ? ಅಕಿ ಅಂದದ್ದ ಹೇಳೇನಿ.”

“ನಿನಗ ಹಿಂದಿ ಎಲ್ಲಿ ಬರತೈತಿ?”

“ಮಾರಿ ನೋಡಿದ್ರ ತಿಳಿಯೂದಿಲ್ಲೇನ?” ಎಂದು ಸ್ವಲ್ಪ ಸಿಟ್ಟಾದಳು. ಆಮೇಲೆ ತಾನೇ ಮೆತ್ತಗಾಗಿ, “ಹಚ್ಚು ನೋಡೂಣು. ಏನಂತಾಳ ಹೇಳು,” ಎಂದಳು.

ತುಣುಕು ಹಚ್ಚಿದೆ. ಪರದೆಯನ್ನು ಅವಳ ಕಣ್ಣಿನ ಸಮೀಪಕ್ಕೆ ಹಿಡಿದು, ಒಂದೊಂದು ಮಾತಿಗೂ ನಿಲ್ಲಿಸಿ, ಕನ್ನಡದಲ್ಲಿ ಹೇಳುತ್ತ ಹೋದೆ. ಆಯಿ ತಲೆಯಾಡಿಸದೆ ಕೇಳಿದಳು. ಕೋಟಿನವನು ಬಂದ. ಅವನ ಮಾಯಾಶಕ್ತಿಯ ಮಾತನ್ನು ಹೇಳಿದೆ. ದೇವಿ ಕೊಟ್ಟ ಉತ್ತರವನ್ನೂ ಹೇಳಿದೆ.

“ಹಂಗ ಅಂದಿರಾಕಿಲ್ಲ ಅಕಿ,” ಎಂದಳು ಆಯಿ. “ಇನ್ನೊಮ್ಮೆ ಹಚ್ಚು. ಸರಿಯಾಗಿ ಕೇಳು.”